ಕುಂಡಲ್ ರೋಡಿನ ಕಾವಲುಗಾರರು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಮೂರನೇ ಮಹಡಿಯ ಹುಡುಗ ಮನೆಗೆ ಬಂದಿದ್ದ. ನಮ್ಮ ಕಡೆಯವನೇ, ಧಾರವಾಡದವನು. ಕೈಯಲ್ಲೊಂದು ಬಿಳಿ ಚಹಾ ಮಗ್ಗು. ಅದರ ಮೇಲೆ "ನಾವೆಲ್ಲ ಒಂದೇ ಕುಟುಂಬ" ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು. ಅವನ ಕಂಪನಿಯವರು ಎರಡು ದಿನ ಖಂಡಾಲಾದ ರೆಸಾರ್ಟಿಗೆ ಕರೆದುಕೊಂಡು ಹೋಗಿ, ಹಗ್ಗ ಜಗ್ಗಿಸಿ, ಬಲೂನು ಊದಿಸಿ, ಪರದೆಯ ಮೇಲೆ ಮ್ಯಾಸ್ಲೋ ಸಾಹೇಬನ ಪಿರಮಿಡ್ ತೋರಿಸಿ ಕಳಿಸಿದ್ದರಂತೆ. ಕೆಲಸಗಾರರಲ್ಲಿ ಹುರುಪು ತುಂಬುವ ಕಾರ್ಯಕ್ರಮ. ಹುಡುಗನ ಮುಖದಲ್ಲಿ ಮಾತ್ರ ಹುರುಪು ಕಾಣಲಿಲ್ಲ.

"ಅಂಕಲ್, ನಮ್ಮ ಟೀಮಿನಾಗ ಆರು ಮಂದಿ ಕಾಂಟ್ರಾಕ್ಟಿನವರು ಅದಾರ. ನಮ್ಮ ಬಾಜೂಕ ಕೂತು ಅದೇ ಕೆಲಸ ಮಾಡ್ತಾರ. ಅವರನ್ನ ಯಾರೂ ಕರೀಲಿಲ್ಲ. ನಾಳೆ ಈ ಮಗ್ಗು ಟೇಬಲ್ ಮ್ಯಾಲೆ ಹೆಂಗ ಇಡ್ಲಿ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಉಪ್ಪಿಟ್ಟು ತಿನ್ನಿಸಿ, ಚಹಾ ಕುಡಿಸಿ ಕಳಿಸಿದೆ. ಮಗ್ಗನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದ, ಮರೆತೋ ಬೇಕೆಂದೋ ಗೊತ್ತಿಲ್ಲ. ಅದನ್ನು ನೋಡುತ್ತ ಕೂತಾಗ ನನಗೆ ಒಂದು ರೈಲು ನಿಲ್ದಾಣ ನೆನಪಾಯಿತು. ಅದರ ಕಥೆಯನ್ನೇ ಇವತ್ತು ಬರೆಯೋಣ ಅಂತ ಕೂತಿದ್ದೇನೆ.

ಮುಂಬೈಯಿಂದ ಹುಬ್ಬಳ್ಳಿ ಕಡೆಗೆ ರೈಲಿನಲ್ಲಿ ಓಡಾಡಿದ ನಮ್ಮವರಿಗೆಲ್ಲ ಈ ದಾರಿ ಗೊತ್ತು. ಪುಣೆ, ಸಾತಾರಾ, ಕರಾಡ್ ದಾಟಿ, ಸಾಂಗ್ಲಿ-ಮಿರಜ್ ಬರುವ ಮೊದಲು ಒಂದು ಸಣ್ಣ ನಿಲ್ದಾಣ ಬರುತ್ತದೆ. ನಮ್ಮ ಗಾಡಿ ಅಲ್ಲಿಗೆ ಬರುವ ಹೊತ್ತಿಗೆ ಹೆಚ್ಚಾಗಿ ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಹಳದಿ ಬೋರ್ಡಿನ ಮೇಲೆ ಹೆಸರು: ಕಿರ್ಲೋಸ್ಕರವಾಡಿ. ನೂರು ವರ್ಷಕ್ಕಿಂತ ಹಿಂದೆ ಈ ನಿಲ್ದಾಣದ ಹೆಸರು ಕುಂಡಲ್ ರೋಡ್ ಅಂತಿತ್ತು. ಸುತ್ತ ಊರೇ ಇರಲಿಲ್ಲ. ಪಾಪಾಸುಕಳ್ಳಿ, ಕಲ್ಲು, ಹಾವು ಇಷ್ಟೇ. ಅಲ್ಲೊಂದು ಊರು ಕಟ್ಟಿದವರು ನಮ್ಮ ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್.

ಗುರ್ಲಹೊಸೂರಿಗೆ ಇದೊಂದೇ ಹೆಗ್ಗಳಿಕೆಯಲ್ಲ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1843ರಲ್ಲಿ ಹುಟ್ಟಿದ್ದೂ ಇದೇ ಊರಲ್ಲಿ. ಲಕ್ಷ್ಮಣರಾಯರು ಹುಟ್ಟಿದ್ದು 1869ರಲ್ಲಿ. ಮನೆಮಾತು ಮರಾಠಿ, ಸುತ್ತಲಿನ ನೆಲ ಕನ್ನಡದ್ದು. ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಇಂಥ ಮನೆತನಗಳು ಬೇಕಾದಷ್ಟಿವೆ. ಯಾರ ಪಾಲಿಗೆ ಅವರು ಎಂಬ ಜಗಳ ನನಗೆ ಬೇಡ.

ಲಕ್ಷ್ಮಣರಾಯರಿಗೆ ಚಿತ್ರ ಬರೆಯುವ ಹುಚ್ಚು. ತಂದೆಯವರಿಗೆ ಇಷ್ಟವಿಲ್ಲದಿದ್ದರೂ ಅಣ್ಣ ರಾಮುವಣ್ಣನ ಬೆಂಬಲದಿಂದ 1885ರಲ್ಲಿ ಮುಂಬೈಗೆ ಬಂದು ಜೆ. ಜೆ. ಕಲಾಶಾಲೆ ಸೇರಿದರು. ಅಲ್ಲಿ ಗೊತ್ತಾದದ್ದು, ಅವರಿಗೆ ಭಾಗಶಃ ಬಣ್ಣಗುರುಡು ಇದೆ ಅಂತ. ಚಿತ್ರಕಾರನಾಗಬೇಕೆಂದವನಿಗೆ ಬಣ್ಣವೇ ಸರಿಯಾಗಿ ಕಾಣದಿದ್ದರೆ! ಆದರೆ ಯಂತ್ರದ ನಕ್ಷೆಗೆ ಬಣ್ಣ ಬೇಕಿಲ್ಲ, ಗೆರೆ ಸಾಕು. ಯಾಂತ್ರಿಕ ಡ್ರಾಯಿಂಗ್ ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ಇವತ್ತು ಮಾಟುಂಗಾದಲ್ಲಿರುವ ವಿಜೆಟಿಐ ಅದೇ, ಆಗ ಅದು ಬೈಕುಲ್ಲಾದಲ್ಲಿತ್ತು. ಪಾಠ ಮುಗಿದ ಮೇಲೆ ವರ್ಕ್‌ಶಾಪಿಗೆ ಹೋಗಿ ಯಂತ್ರಗಳನ್ನು ಬಿಚ್ಚುವುದು, ಜೋಡಿಸುವುದು ಅವರ ಅಭ್ಯಾಸ. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣತಮ್ಮಂದಿರ ಸೈಕಲ್ ಅಂಗಡಿ ಶುರುವಾಯಿತು. ಇವರು ಮುಂಬೈಯಿಂದ ಸೈಕಲ್ ಕಳಿಸುವುದು, ಅಲ್ಲಿ ಅಣ್ಣ ಮಾರುವುದು, ಓಡಿಸಲು ಕಲಿಸುವುದು.

ಮುಂದೆ ಒಂದು ದಿನ ಮಾಸ್ತರರಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅವರನ್ನು ಬಿಟ್ಟು ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಅದನ್ನು ಕೊಟ್ಟರು. ಕೆಲಸ ಗೊತ್ತಿದ್ದವನು ಹಿಂದೆ ಉಳಿದ, ಮೈಬಣ್ಣ ಸರಿಯಿದ್ದವನು ಮುಂದೆ ಹೋದ. ಲಕ್ಷ್ಮಣರಾಯರು ರಾಜೀನಾಮೆ ಬರೆದುಕೊಟ್ಟು ಬೆಳಗಾವಿಗೆ ವಾಪಸು ಹೋದರು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ ಜಾಗ. ಮುಂದೆ ಅವರು ಕೆಲಸಗಾರರನ್ನು ಹೇಗೆ ನಡೆಸಿಕೊಂಡರು ಅನ್ನುವುದರ ಬೇರು ಇಲ್ಲಿದೆ ಅಂತ ನನ್ನ ಲೆಕ್ಕ. ಮನುಷ್ಯನ ಹುರುಪನ್ನು ಕೊಲ್ಲುವುದು ಹೇಗೆ ಅಂತ ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಬೆಳಗಾವಿಯಲ್ಲಿ ಸೈಕಲ್ ಜೊತೆಗೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಮಾಡಲು ಹೊರಟರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರ ನಂಬಿಕೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ! ಅಂತೂ ಕಾರ್ಖಾನೆ ಕುದುರಿಕೊಳ್ಳುವ ಹೊತ್ತಿಗೆ ಬೆಳಗಾವಿ ಮುನಿಸಿಪಾಲಿಟಿ ಊರು ಬೆಳೆಸಲು ಜಾಗ ಬೇಕು, ಖಾಲಿ ಮಾಡಿ ಅಂದಿತು. ಬೆಳಗಾವಿಯಲ್ಲಿ ಇವತ್ತಿಗೂ ಕಿರ್ಲೋಸ್ಕರ್ ರಸ್ತೆ ಇದೆ, ಕಾರ್ಖಾನೆ ಮಾತ್ರ ಊರು ಬಿಡಬೇಕಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ನಿಲ್ದಾಣದ ಹತ್ತಿರ 32 ಎಕರೆ ಬರಡು ಭೂಮಿ, ಹತ್ತು ಸಾವಿರ ರೂಪಾಯಿ ಬಡ್ಡಿಯಿಲ್ಲದ ಸಾಲ. 1910ರ ಮಾರ್ಚ್ ತಿಂಗಳಲ್ಲಿ ಸುಮಾರು 25 ಕೆಲಸಗಾರರು ಹೆಂಡತಿ ಮಕ್ಕಳ ಸಮೇತ ಅಲ್ಲಿ ಬಂದಿಳಿದರು.

ಸ್ವಲ್ಪ ಯೋಚಿಸಿ ನೋಡಿ. ಬೆಳಗಾವಿಯಂಥ ತಂಪು ಊರು, ಪೇಟೆ, ನೆಂಟರಿಷ್ಟರು ಎಲ್ಲ ಬಿಟ್ಟು ಹಾವು ಹರಿದಾಡುವ ಕಳ್ಳಿಗಾಡಿಗೆ ಜನ ಯಾಕೆ ಹೋದರು? ಸಂಬಳಕ್ಕಷ್ಟೇ ಆಗಿದ್ದರೆ ಬೆಳಗಾವಿಯಲ್ಲೇ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದರು. ಈ ಮನುಷ್ಯನ ಕೈಕೆಳಗೆ ತಮ್ಮ ಕೆಲಸಕ್ಕೆ ಬೆಲೆ ಇದೆ ಅಂತ ಅವರಿಗೆ ಗೊತ್ತಾಗಿರಬೇಕು.

ಆ ಮೊದಲ ತಂಡದಲ್ಲಿ ಯಾರಿದ್ದರು ನೋಡಿ. ಅನಂತರಾವ್ ಫಳಣೀಕರ್, ಶಾಲೆ ಬಿಟ್ಟ ಹುಡುಗ. ಅವನು ಹೊಸ ಹೊಸದನ್ನು ಯೋಚಿಸುವ ಎಂಜಿನಿಯರ್ ಆದ. ಶಂಭೋರಾವ್ ಜಾಂಭೇಕರ್ ಕೂಡ ಇದ್ದರು. ಮಂಗೇಶರಾವ್ ರೇಗೆ ಲೆಕ್ಕಪತ್ರ ನೋಡಿಕೊಂಡರು. ಇನ್ನು ಕಾವಲಿಗೆ ಇದ್ದವರು ತುಕಾರಾಮ್ ರಾಮೋಶಿ ಮತ್ತು ಪಿರ್ಯಾ ಮಾಂಗ್. ದರೋಡೆ ಕೇಸಿನಲ್ಲಿ ಶಿಕ್ಷೆಯಾಗಿ ಜೈಲು ಕಂಡು ಬಂದವರು! ಅವರ ಕೈಗೆ ಲಕ್ಷ್ಮಣರಾಯರು ಇಡೀ ಊರಿನ ರಾತ್ರಿಯನ್ನು ಒಪ್ಪಿಸಿದರು. ಅವರು ಆ ನಂಬಿಕೆಯನ್ನು ಉಳಿಸಿಕೊಂಡರು.

ಇದು ಎಷ್ಟು ದೊಡ್ಡ ಮಾತು ಅಂತ ತಿಳಿಯಬೇಕಾದರೆ ಆ ಕಾಲವನ್ನು ನೆನಪಿಸಿಕೊಳ್ಳಬೇಕು. ಬ್ರಿಟಿಷ್ ಸರ್ಕಾರ 1871ರಲ್ಲಿ ಒಂದು ಕಾಯ್ದೆ ಮಾಡಿ ಇಡೀ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂತ ಪಟ್ಟಿ ಮಾಡಿತ್ತು. 1911ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ ಮುಂಬೈ ಪ್ರಾಂತಕ್ಕೂ ತಂದರು. ಹುಬ್ಬಳ್ಳಿಯವರಿಗೆ 'ಸೆಟ್ಲಮೆಂಟ್' ಅಂದರೆ ಗೊತ್ತಲ್ಲ? ಅದು ಇಂಥ ಜನರನ್ನು ತಂತಿ ಬೇಲಿಯೊಳಗೆ ಕೂಡಿಹಾಕಿ, ಹಾಜರಿ ಕೂಗಿ ಕಾಯುತ್ತಿದ್ದ ಜಾಗ. ಬೇಲಿ ಹೋಗಿ ಎಷ್ಟೋ ವರ್ಷವಾದರೂ ಹೆಸರು ಉಳಿದಿದೆ. ಸರ್ಕಾರ ಒಂದು ಕಡೆ ಬೇಲಿ ಕಟ್ಟಿ ಜನರನ್ನು ಕಾಯುತ್ತಿದ್ದ ಕಾಲದಲ್ಲಿ ಇನ್ನೊಂದು ಕಡೆ ಒಬ್ಬ ಕಾರ್ಖಾನೆಯವರು ಶಿಕ್ಷೆಯಾದವರ ಕೈಗೇ ಕಾವಲು ಕೊಟ್ಟರು. ಊರಿನೊಳಗೆ ಅಸ್ಪೃಶ್ಯತೆ ಆಚರಿಸಕೂಡದು ಅಂತ ನಿಯಮವನ್ನೂ ಮಾಡಿದರು. ಇಷ್ಟಾದರೂ ಒಂದು ಮಾತು ಗಮನಿಸಿ. ಉಳಿದವರು ಮನೆತನದ ಹೆಸರಿನಿಂದ ಇತಿಹಾಸದಲ್ಲಿ ಉಳಿದರು. ಕಾವಲುಗಾರರಿಬ್ಬರು ಮಾತ್ರ ಜಾತಿಯ ಹೆಸರಿನಿಂದ ಉಳಿದರು.

ಅದೇ ಹೊತ್ತಿಗೆ ಸಮುದ್ರದಾಚೆ ಕೆಲಸಗಾರನನ್ನು ಹೇಗೆ ದುಡಿಸಬೇಕು ಅನ್ನುವುದು ಒಂದು ಶಾಸ್ತ್ರವೇ ಆಗುತ್ತಿತ್ತು. 1911ರಲ್ಲಿ ಅಮೆರಿಕದ ಫ್ರೆಡರಿಕ್ ಟೇಲರ್ ವೈಜ್ಞಾನಿಕ ಮ್ಯಾನೇಜ್ಮೆಂಟಿನ ಪುಸ್ತಕ ಬರೆದ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಯೋಚಿಸುವವನು ಮ್ಯಾನೇಜರ್, ಎತ್ತುವವನು ಕೂಲಿ ಅಂತ ಗೆರೆ ಎಳೆದ. ಡೆಟ್ರಾಯಿಟ್‌ನಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ ಕೆಲಸ ಎಷ್ಟು ಬೇಸರದ್ದಾಗಿತ್ತೆಂದರೆ 1913ರಲ್ಲಿ 14 ಸಾವಿರ ಜನರನ್ನು ಉಳಿಸಿಕೊಳ್ಳಲು 52 ಸಾವಿರ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಸೇರಿದವರು ಸೇರಿದಂತೆ ಓಡಿಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಸಾರಿದ. ಆದರೆ ಆ ಪೂರ್ತಿ ಐದು ಡಾಲರ್ ಸಿಗಬೇಕಾದರೆ ಕಂಪನಿಯ ಇನ್‌ಸ್ಪೆಕ್ಟರ್ ಮನೆಗೆ ಬಂದು ನೀನು ಕುಡಿಯುತ್ತೀಯಾ, ಮನೆ ಚೊಕ್ಕಟ ಇದೆಯಾ ಅಂತ ನೋಡಿ ಒಪ್ಪಬೇಕು! ಅಲ್ಲಿ ಕೆಲಸಗಾರ ಮೊದಲು ತಾನು ಒಳ್ಳೆಯವನೆಂದು ತೋರಿಸಬೇಕು, ಆಮೇಲೆ ನಂಬಿಕೆ. ಕುಂಡಲ್ ರೋಡಿನಲ್ಲಿ ನಂಬಿಕೆ ಮೊದಲು. ಇಡೀ ಕಥೆಯ ಸಾರ ಇಷ್ಟೇ ಅಂತ ನನಗನಿಸುತ್ತದೆ.

1920ರಲ್ಲಿ ಅಲ್ಲಿಂದ 'ಕಿರ್ಲೋಸ್ಕರ್ ಖಬರ್' ಎಂಬ ಪತ್ರಿಕೆ ಶುರುವಾಯಿತು, ಶಂಕರರಾವ್ ಕಿರ್ಲೋಸ್ಕರ್ ಸಂಪಾದಕರು. ಕಾರ್ಖಾನೆಯ ಸುದ್ದಿಗೆಂದು ಹುಟ್ಟಿದ ಪತ್ರಿಕೆ ಮುಂದೆ 'ಕಿರ್ಲೋಸ್ಕರ್' ಅಂತಾಗಿ ಮರಾಠಿಯ ದೊಡ್ಡ ಮಾಸಿಕವಾಯಿತು. 1930ರಲ್ಲಿ ಅದಕ್ಕೆ 'ಸ್ತ್ರೀ' ಎಂಬ ತಂಗಿಯೂ ಹುಟ್ಟಿತು. ನೇಗಿಲು ಮಾಡುವ ಊರಿನಿಂದ ಹೆಣ್ಣುಮಕ್ಕಳ ಪತ್ರಿಕೆ! ಖಂಡಾಲಾದ ಬಲೂನಿಗೂ ಇದಕ್ಕೂ ಎಷ್ಟು ದೂರ.

ಅದಿರಲಿ, ಬೇರೆಯವರ ಮಾತು ಸಾಕು. ನನ್ನದೂ ಒಂದು ಹೇಳಬೇಕು. ಅದನ್ನು ಹೇಳದೆ ಲಕ್ಷ್ಮಣರಾಯರನ್ನು ಹೊಗಳಿದರೆ ನಾನು ಮಗ್ಗಿನ ಮೇಲೆ ಅಚ್ಚು ಹಾಕಿಸಿದವರಿಗಿಂತ ಬೇರೆ ಆಗುವುದಿಲ್ಲ.

ನಾನು ಐಟಿಐನಲ್ಲಿ ಟರ್ನರ್ ಕೆಲಸ ಕಲಿತು ಮುಂಬೈಗೆ ಬಂದವನು. ಕಲಿತ ಲೇಥ್ ಮೇಲೆ ಕಿರ್ಲೋಸ್ಕರ್ ಅಂತ ಹೆಸರಿತ್ತು, ಹರಿಹರದ ಮಾಲು. ಠಾಣೆ-ಬೇಲಾಪುರ ರಸ್ತೆಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ತಳೋಜಾದ ಒಂದು ಕಾರ್ಖಾನೆಯಲ್ಲಿ ಟೂಲ್‌ರೂಮ್ ನೋಡಿಕೊಳ್ಳುವವನಾದೆ. ಕಾಮೋಠೆಗೆ ಮನೆ ಮಾಡಿದ್ದೂ ಅದೇ ಕಾರಣಕ್ಕೆ. ನನ್ನ ಕೈಕೆಳಗೆ ಇಂಡಿ ತಾಲೂಕಿನ ಒಬ್ಬ ಹುಡುಗನಿದ್ದ. ಕಾಂಟ್ರಾಕ್ಟಿನವನು. ಕಾಯಂ ಜನರ ಗೇಟ್‌ಪಾಸ್ ಒಂದು ಬಣ್ಣ, ಇವರದು ಬೇರೆ ಬಣ್ಣ. ಹುಡುಗನ ಕೈ ಹೇಗಿತ್ತೆಂದರೆ, ಬೆರಳಿನಿಂದ ಸವರಿ "ಸರ, ಇದು ಒಂದೆರಡು ನೂರನೇ ಭಾಗ ದಪ್ಪ ಐತಿ" ಅನ್ನುತ್ತಿದ್ದ. ಅಳೆದರೆ ಹಾಗೇ ಇರುತ್ತಿತ್ತು. ಕನ್ನಡದಲ್ಲಿ ಮಾತಾಡಲು ಇಡೀ ಶಾಪಿನಲ್ಲಿ ನಾವಿಬ್ಬರೇ. ಡಬ್ಬಿಯಲ್ಲಿ ಶೇಂಗಾ ಚಟ್ನಿ ತಂದರೆ ನನಗೂ ತರುತ್ತಿದ್ದ.

ಮೈಕ್ರೋಮೀಟರ್ ಇಟ್ಟ ಕಪಾಟಿನ ಕೀಲಿ ನನ್ನ ಜೇಬಿನಲ್ಲಿರುತ್ತಿತ್ತು. ಕಾಯಂ ಕೆಲಸಗಾರರು ಕೇಳಿದರೆ ಹಾಗೇ ಕೊಡುತ್ತಿದ್ದೆ. ಅವನು ಮಾತ್ರ ದಿನಾ ಬೆಳಿಗ್ಗೆ ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಳ್ಳಬೇಕು, ಸಂಜೆ ಸಹಿ ಮಾಡಿ ಕೊಡಬೇಕು. ನಿಯಮ ಮಾಡಿದವನು ನಾನೇ. ಮೇಲಿನವರು ಯಾರೂ ಹೇಳಿರಲಿಲ್ಲ. ಆರು ವರ್ಷ ಅವನು ಸಹಿ ಮಾಡಿದ, ನಾನು ಮಾಡಿಸಿದೆ.

ಒಂದು ದಿನ ಒಂದು ಮೈಕ್ರೋಮೀಟರ್ ಸಿಗಲಿಲ್ಲ. ನಾನು ಗೇಟಿಗೆ ಫೋನ್ ಮಾಡಿದೆ. ಸಂಜೆ ಪಾಳಿ ಬಿಟ್ಟಾಗ ಎಲ್ಲರೂ ನೋಡುತ್ತಿರುವಂತೆ ಅವನ ಚೀಲ ಬಿಚ್ಚಿಸಿದರು. ಖಾಲಿ ಡಬ್ಬಿ, ಟವೆಲ್ಲು, ಊರಿಗೆ ಕಳಿಸಲಿಕ್ಕೆ ತುಂಬಿಟ್ಟಿದ್ದ ಮನಿಆರ್ಡರ್ ಫಾರ್ಮು. ಅಷ್ಟೇ. ಎರಡು ದಿನ ಬಿಟ್ಟು ಅದು ಸಿಕ್ಕಿತು, ನನ್ನದೇ ಮೇಜಿನ ಕೆಳಗಿನ ಖಾನೆಯಲ್ಲಿ, ಡ್ರಾಯಿಂಗ್ ಕಾಗದಗಳ ಅಡಿಯಲ್ಲಿ. ನಾನೇ ಇಟ್ಟು ಮರೆತಿದ್ದೆ. "ಸಿಕ್ತು ನೋಡಪಾ" ಅಂದೆ. "ಹೌದ್ರಿ ಸರ" ಅಂದ. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ. ಆಮೇಲೆ ಅವನು ಕೆಲಸ ಮಾಡಿದ, ಆದರೆ ಬೆರಳಿನಿಂದ ಸವರಿ ಹೇಳುವುದನ್ನು ನಿಲ್ಲಿಸಿದ. ಹೇಳಿದಷ್ಟು ಮಾಡಿ, ಗಂಟೆ ಹೊಡೆದ ಕೂಡಲೇ ಹೊರಡುತ್ತಿದ್ದ. ತಿಂಗಳು ಮುಗಿದ ಮೇಲೆ ಬರಲೇ ಇಲ್ಲ.

ಆ ಕಾರ್ಖಾನೆಯಲ್ಲೂ ವರ್ಷಕ್ಕೊಮ್ಮೆ ತರಬೇತಿ ಇರುತ್ತಿತ್ತು. ಹರ್ಜ್‌ಬರ್ಗ್ ಅನ್ನುವ ಪಂಡಿತ 1959ರಲ್ಲಿ ಬರೆದದ್ದನ್ನು ನಾನು ಅಲ್ಲೇ ಕೇಳಿದ್ದೆ. ಸಂಬಳ, ಕ್ಯಾಂಟೀನು, ಫ್ಯಾನು ಸರಿಯಿಲ್ಲದಿದ್ದರೆ ಜನ ಗೊಣಗುತ್ತಾರೆ, ಸರಿಯಿದ್ದರೆ ಗೊಣಗುವುದು ನಿಲ್ಲುತ್ತದೆ ಅಷ್ಟೇ. ಮನಸ್ಸಿಟ್ಟು ದುಡಿಯುವುದು ಜವಾಬ್ದಾರಿ ಕೊಟ್ಟಾಗ, ಮಾಡಿದ ಕೆಲಸವನ್ನು ಗುರುತಿಸಿದಾಗ. ನಾನು ಅದನ್ನು ನೀಟಾಗಿ ಡೈರಿಯಲ್ಲಿ ಬರೆದುಕೊಂಡಿದ್ದೆ ಕೂಡ. ಕೀಲಿ ಮಾತ್ರ ಜೇಬಿನಲ್ಲೇ ಇತ್ತು.

ಕಿರ್ಲೋಸ್ಕರವಾಡಿಯ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಪುರಾಣವಾಗುತ್ತದೆ. ಇತಿಹಾಸಕ್ಕೆ ಇನ್ನೂ ಸ್ವಲ್ಪ ಉಳಿದಿದೆ.

ಒಬ್ಬ ಮಾಲೀಕ ಕಟ್ಟಿದ ಊರು ಎಷ್ಟೇ ಚಂದವಿದ್ದರೂ ಅದು ಅವನ ಊರು. ಶಿಕಾಗೋ ಹತ್ತಿರ ಜಾರ್ಜ್ ಪುಲ್ಮನ್ ಎಂಬ ರೈಲುಬೋಗಿಯ ಸಾಹುಕಾರ 1880ರ ದಶಕದಲ್ಲಿ ಕೆಲಸಗಾರರಿಗೆ ಮಾದರಿ ಊರು ಕಟ್ಟಿಸಿದ್ದ. ಮಾರುಕಟ್ಟೆ ಕುಸಿದಾಗ ಕೂಲಿ ಇಳಿಸಿದ, ಮನೆ ಬಾಡಿಗೆ ಇಳಿಸಲಿಲ್ಲ. 1894ರಲ್ಲಿ ಅಮೆರಿಕವನ್ನೇ ನಡುಗಿಸಿದ ಮುಷ್ಕರ ಅಲ್ಲಿಂದಲೇ ಹುಟ್ಟಿತು. ಕುಟುಂಬ ಅಂದವರು ಬಾಡಿಗೆ ಬಿಡಲಿಲ್ಲ!

ಕುಂಡಲ್ ರೋಡಿನಲ್ಲಿ ಹಾಗೆ ಆಗಲಿಲ್ಲ. ಬಂದದ್ದು ಬೇರೆ ಕಷ್ಟ. 1948ರಲ್ಲಿ ಗಾಂಧೀಜಿಯ ಹತ್ಯೆಯಾದಾಗ, ಕೊಂದವನ ಜಾತಿಯ ನೆಪದಲ್ಲಿ ಪಶ್ಚಿಮ ಮಹಾರಾಷ್ಟ್ರದ ತುಂಬ ಬ್ರಾಹ್ಮಣರ ಮನೆಮಾರುಗಳಿಗೆ ಬೆಂಕಿ ಬಿತ್ತು. ಕಿರ್ಲೋಸ್ಕರವಾಡಿಯೂ ಉರಿಯಿತು. ಅಸ್ಪೃಶ್ಯತೆ ಬೇಡ ಅಂದವರ ಊರು, ರೈತನಿಗೆ ನೇಗಿಲು ಕೊಟ್ಟವರ ಊರು. ಲಕ್ಷ್ಮಣರಾಯರಿಗೆ ಆಗ 78 ವರ್ಷ. ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಒಂದು ಊರಿನೊಳಗೆ ನಂಬಿಕೆ ಬೆಳೆಸಬಹುದು, ಆದರೆ ಆ ಊರಿನ ಆಚೆಗಿನ ನೂರಾರು ವರ್ಷದ ಸಿಟ್ಟು, ಹಸಿವು, ಅವಮಾನಗಳನ್ನು ಒಬ್ಬ ಒಳ್ಳೆಯ ಮಾಲೀಕ ತೀರಿಸಲಾರ. ಬೆಂಕಿ ಇಟ್ಟಿದ್ದು ಸರಿ ಅಂತ ಇದರ ಅರ್ಥವಲ್ಲ. ಒಳ್ಳೆಯತನಕ್ಕೂ ಒಂದು ಗಡಿ ಇದೆ ಅಂತಷ್ಟೇ. ಸುಟ್ಟ ಕಾರ್ಖಾನೆಯನ್ನು ಮತ್ತೆ ಕಟ್ಟಿದರು. ಇವತ್ತಿಗೂ ಅಲ್ಲಿ ಪಂಪುಗಳು ತಯಾರಾಗುತ್ತವೆ. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು.

ಇನ್ನೊಂದು ಗಡಿ ನಮ್ಮ ಹರಿಹರದವರಿಗೆ ಗೊತ್ತು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು, ಅದರ ಸುತ್ತ ಯಂತ್ರಾಪುರ ಬೆಳೆಯಿತು. ಭಾರತದ ಎಷ್ಟು ಐಟಿಐಗಳಲ್ಲಿ, ಎಷ್ಟು ಗ್ಯಾರೇಜುಗಳಲ್ಲಿ ಆ ಲೇಥ್‌ಗಳು ತಿರುಗಿದವೋ ಲೆಕ್ಕವಿಲ್ಲ. 2000ದ ದಶಕದ ಆರಂಭದ ಹೊತ್ತಿಗೆ ಆ ಕಾರ್ಖಾನೆ ಮುಚ್ಚಿಹೋಯಿತು. ಕಂಪನಿ ಒಳ್ಳೆಯದೇ ಇರಲಿ, ಕೆಟ್ಟದ್ದೇ ಇರಲಿ, ಮುಚ್ಚುವ ದಿನ ಬಂದಾಗ ಕೆಲಸಗಾರನಿಗೆ ಉಳಿಯುವುದು ಕಾನೂನು ಕೊಟ್ಟ ಹಕ್ಕು ಮತ್ತು ತನ್ನ ಕೈಯ ಕಸುಬು. ಮಾಲೀಕರ ಒಳ್ಳೆಯತನ ಪಿಂಚಣಿ ಆಗುವುದಿಲ್ಲ. ಅದಕ್ಕೇ ನನಗೆ ಎರಡೂ ಬೇಕು ಅನಿಸುತ್ತದೆ. ಹಕ್ಕು ಕಾಗದದ ಮೇಲಿರಬೇಕು, ನಂಬಿಕೆ ಕೈಯಲ್ಲಿರಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಸಿದುಕೊಳ್ಳುವವರ ಬಗ್ಗೆ ಹುಷಾರಾಗಿರಬೇಕು.

ಕೆಲವು ವರ್ಷದ ಹಿಂದೆ ಕಳಂಬೋಲಿಯ ಸ್ಟೀಲ್ ಮಾರ್ಕೆಟ್ ಹತ್ತಿರ ಇಂಡಿಯ ಆ ಹುಡುಗ ಸಿಕ್ಕಿದ್ದ. ಹುಡುಗ ಅನ್ನಬಾರದು, ತಲೆ ಬೆಳ್ಳಗಾಗಿತ್ತು. ಎರಡು ಲೇಥ್ ಹಾಕಿಕೊಂಡು ಸ್ವಂತ ಶೆಡ್ ಮಾಡಿದ್ದಾನಂತೆ. "ನಮಸ್ಕಾರ್ರೀ ಸರ" ಅಂದು ಕೈ ಮುಗಿದು ಚಹಾ ಕುಡಿಸಿದ. "ಎಷ್ಟು ಮಂದಿ ಅದಾರ ನಿನ್ನ ಹತ್ರ?" ಅಂತ ಕೇಳಿದೆ. "ನಾಲ್ಕು ಮಂದಿ." "ಮೈಕ್ರೋಮೀಟರ್ ಎಲ್ಲಿ ಇಡ್ತೀ?" ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಆ ದಿನವೂ ಹೇಳಬೇಕಾದ ಮಾತು ಹೇಳದೆ ಎದ್ದು ಬಂದೆ.

ಸಂಜೆ ಮಗ್ಗು ತೆಗೆದುಕೊಂಡು ಮೂರನೇ ಮಹಡಿಗೆ ಹೋದೆ. ಹುಡುಗನಿಗೆ ಈ ಕಥೆಯನ್ನೆಲ್ಲ ಹೇಳಿದೆ, ಗೇಟಿನಲ್ಲಿ ಚೀಲ ಬಿಚ್ಚಿಸಿದ್ದನ್ನೂ ಬಿಡದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ: ಅವರ ಟೀಮಿನಲ್ಲಿ ವಾರದ ವರದಿಯನ್ನು ಮೇಲಿನವರಿಗೆ ಅವನ ಹೆಸರಿನಲ್ಲೇ ಕಳಿಸುತ್ತಾರಂತೆ, ಅರ್ಧ ಕೆಲಸ ಆ ಆರು ಜನರದ್ದೇ ಆದರೂ. ಅವರನ್ನು ಕಾಯಂ ಮಾಡುವುದು ತನ್ನ ಕೈಯಲ್ಲಿಲ್ಲ, ಆದರೆ ವರದಿಯಲ್ಲಿ ಅವರ ಹೆಸರು ಹಾಕುವುದು ಇದೆ, ಈ ವಾರದಿಂದ ಹಾಕುತ್ತೇನೆ ಅಂದ.

ಮಗ್ಗು ಮಾತ್ರ ಬೇಡ ಅಂದ. ಈಗ ಅದು ನಮ್ಮ ಬಾಲ್ಕನಿಯಲ್ಲಿದೆ. ನನ್ನ ಹೆಂಡತಿ ಅದರಲ್ಲಿ ತುಳಸಿ ಸಸಿ ನೆಟ್ಟಿದ್ದಾಳೆ. ನಾನು ಮುಂದಿನ ಭಾನುವಾರ ಕಳಂಬೋಲಿಗೆ ಹೋಗಿ ಬರಬೇಕು ಅಂತಿದ್ದೇನೆ.